ಅಘನಾಶಿನಿ ಜೊತೆ ಘಟ್ಟ ಇಳಿದದ್ದು: ಹನ್ನೆರಡು ಕಾರುಗಳ ಡ್ರೈವ್ ಕಟ್ಟಿದ ಬಗೆ

ಹಳೇ ಕಾರು ಇಟ್ಟುಕೊಂಡಿರುವ ಹುಬ್ಬಳ್ಳಿ–ಶಿರಸಿ ಕಡೆಯ ನಮ್ಮ ಬಳಗದ ಈ ಸಲದ ಡ್ರೈವ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಎಲ್ಲ ಸೇರಿ ಕಾರು ಹನ್ನೆರಡು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800, ಒಂದು ಕಾಂಟೆಸ್ಸಾ, ಜೊತೆಗೆ ಸಾಮಾನು ಹೊರಲು ಎರಡು ಹೊಸ ಕಾರು. ಹೇಗೆ ಕಟ್ಟಿದೆ, ಎಲ್ಲಿ ಏನು ಅಳೆದೆ, ಯಾವುದನ್ನು ಬಿಟ್ಟೆ ಅನ್ನುವುದನ್ನೆಲ್ಲ ಬರೆದಿಡುತ್ತಿದ್ದೇನೆ. ಇನ್ನೊಬ್ಬರು ಇಂಥದ್ದೇ ಡ್ರೈವ್ ಮಾಡುವಾಗ ಉಪಯೋಗಕ್ಕೆ ಬರಲಿ.

ಮೊದಲೇ ಒಂದು ಮಾತು. ನಮ್ಮ ಜಿಲ್ಲೆಯಲ್ಲಿ ಚಂದದ ರಸ್ತೆ ಹುಡುಕುವುದು ಕಷ್ಟವೇ ಅಲ್ಲ. ಯಾವ ಕಡೆ ಹೊರಟರೂ ಕಾಡು, ತೋಟ, ಹೊಳೆ ಸಿಗುತ್ತದೆ. ಹನ್ನೆರಡು ಕಾರು ಯಾರಿಗೂ ತೊಂದರೆ ಕೊಡದೆ ನಿಲ್ಲುವ ಜಾಗ ಹುಡುಕುವುದೇ ಕೆಲಸ. ನಾನು ಕಾದಿಟ್ಟ ಸಮಯದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಯಿತು, ಮತ್ತು ಅದು ಸಾರ್ಥಕ ಅಂತಲೇ ನನಗನ್ನಿಸುತ್ತದೆ.

ದಾರಿ ಆರಿಸಿದ್ದು

ಬಳಗದಲ್ಲಿ ಹೆಚ್ಚಿನವರಿಗೆ ಸಮುದ್ರ ಬೇಕಿತ್ತು. ಕಾರವಾರದಿಂದ ಕುಮಟಾ ತನಕ ಹೆದ್ದಾರಿ 66ರಲ್ಲಿ ಸುಮ್ನೆ ಹೋಗಿಬಿಡೋಣ ಅಂದವರೂ ಇದ್ದರು. ಆ ರಸ್ತೆ ಊರಿಂದ ಊರಿಗೆ ಬೇಗ ಮುಟ್ಟಲು ಒಳ್ಳೆಯದು. ಆದರೆ ಲಾರಿ, ಬಸ್ಸು, ಟೋಲ್ ನಡುವೆ ಗಂಟೆಗೆ ಐವತ್ತರಲ್ಲಿ ಸಾಲಾಗಿ ಹೋಗುವ ಹಳೇ ಕಾರಿಗೆ ಅಲ್ಲಿ ಖುಷಿ ಇಲ್ಲ. ಯಲ್ಲಾಪುರ–ಅಂಕೋಲಾ ನಡುವಿನ ಅರಬೈಲ್ ಘಟ್ಟವೂ ಹಾಗೇ, ಕಾಡು ಚಂದ ಇದ್ದರೂ ರಸ್ತೆ ತುಂಬ ಲಾರಿ. ಯಾಣ ಹೆಸರು ಬಂತು, ರಜಾ ದಿನದ ಜನಜಂಗುಳಿ ನೆನೆದು ಬಿಟ್ಟೆವು.

ಕೊನೆಗೆ ಒಂದು ಹೊಳೆ ಹಿಡಿದು ಹೋಗೋಣ ಅಂತ ಹೇಳಿದೆ. ಅಘನಾಶಿನಿ ಹುಟ್ಟುವುದು ಶಿರಸಿಯಲ್ಲೇ, ಪೇಟೆ ಒಳಗಿನ ಶಂಕರಹೊಂಡದಲ್ಲಿ. ಇನ್ನೊಂದು ಕವಲು ಮಂಜುಗುಣಿ ಕಡೆಯಿಂದ ಬರುತ್ತದೆ. ಮುಂದೆ ಉಂಚಳ್ಳಿಯಲ್ಲಿ 116 ಮೀಟರ್ ಕೆಳಗೆ ಧುಮುಕಿ, ಘಟ್ಟ ಇಳಿದು, ಮಿರ್ಜಾನ್ ಕೋಟೆ ಪಕ್ಕ ಹರಿದು, ತದಡಿ ಹತ್ತಿರ ಸಮುದ್ರ ಸೇರುತ್ತದೆ. ಎಲ್ಲೂ ಅಣೆಕಟ್ಟು ಇಲ್ಲ. ಅದರ ಅಳಿವೆ 2024ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. ಒಂದು ಹೊಳೆಯ ಹುಟ್ಟಿನಿಂದ ಅಳಿವೆ ಹತ್ತಿರದ ತನಕ ಒಂದೇ ಹಗಲಲ್ಲಿ ಕಾರಿನಲ್ಲಿ ಹೋಗಿ ವಾಪಸ್ ಬರಬಹುದು ಅನ್ನುವುದು ನಮ್ಮೂರಿನ ಭಾಗ್ಯ. ಇದಕ್ಕಿಂತ ಒಳ್ಳೆ ದಾರಿ ನನಗೆ ಹೊಳೆಯಲಿಲ್ಲ.

ಹಾಗಾಗಿ: ಶಿರಸಿ, ಹೆಗ್ಗರಣೆ, ಉಂಚಳ್ಳಿ, ನೀಲ್ಕುಂದ, ಘಟ್ಟ ಇಳಿದು ಕುಮಟಾ, ಮಿರ್ಜಾನ್. ವಾಪಸ್ ದಿವಗಿ, ಕತಗಾಲ, ದೇವಿಮನೆ ಘಟ್ಟ ಹತ್ತಿ ಶಿರಸಿ.

ಇಳಿಯುವುದು ಸಣ್ಣ ರಸ್ತೆಯಲ್ಲಿ, ಹತ್ತುವುದು ದೊಡ್ಡ ರಸ್ತೆಯಲ್ಲಿ. ಇದನ್ನು ಬೇಕೆಂದೇ ಹೀಗಿಟ್ಟೆ. ಬೆಳಿಗ್ಗೆ ಗಾಳಿ ತಂಪು, ಬ್ರೇಕ್ ಡ್ರಮ್ ಕೂಡ ತಂಪು, ಚಾಲಕರಿಗೂ ಆಯಾಸ ಇಲ್ಲ. ಕಿರಿದಾದ ತಿರುವುಗಳನ್ನು ಆಗಲೇ ಮುಗಿಸಿಬಿಡಬೇಕು. ಮಧ್ಯಾಹ್ನದ ಬಿಸಿಲಲ್ಲಿ ಹತ್ತುವಾಗ ಹಳೇ ಕಾರು ಬಿಸಿಯಾಗುವುದು ಖಂಡಿತ, ಆಗ ಬದಿಗೆ ಎಳೆದು ಬಾನೆಟ್ ಎತ್ತಲು ಅಗಲದ ರಸ್ತೆ ಬೇಕು. ದೇವಿಮನೆ ಘಟ್ಟದಲ್ಲಿ ಅಂಥ ಜಾಗ ಇದೆ. ಹೆದ್ದಾರಿ ಅಗಲ ಮಾಡುವ ಕೆಲಸದಿಂದ ಅಲ್ಲಿ ಆಗಾಗ ವಾಹನ ಸಂಚಾರ ನಿಲ್ಲಿಸುವುದುಂಟು, ಅದಕ್ಕೇ ಹೊರಡುವ ಮೊದಲು ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಳ್ಳುವುದು ಕಡ್ಡಾಯ.

ಕಾಲ ನವೆಂಬರ್ ಕೊನೆ. ಮಳೆಗಾಲದಲ್ಲಿ ಘಟ್ಟದ ಡ್ರೈವ್ ಬೇಡವೇ ಬೇಡ. 2024ರ ಜುಲೈ 16ರಂದು ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವವೇ ಹೋಯಿತು. ಹಸಿರು ನೋಡುವ ಆಸೆಗೆ ಹನ್ನೆರಡು ಸಂಸಾರಗಳನ್ನು ಒದ್ದೆ ಗುಡ್ಡದ ಬುಡಕ್ಕೆ ಕರೆದುಕೊಂಡು ಹೋಗಲು ನನಗೆ ಮನಸ್ಸಿಲ್ಲ. ನವೆಂಬರ್‌ನಲ್ಲಿ ಮಣ್ಣು ಗಟ್ಟಿಯಾಗಿರುತ್ತದೆ, ಜಲಪಾತದಲ್ಲಿ ನೀರು ಇನ್ನೂ ಇರುತ್ತದೆ.

ಹಗ್ಗ ಹಿಡಿದು ಜಾಗ ಅಳೆದದ್ದು

ಒಂದು ನೈಲಾನ್ ಹಗ್ಗ ತಂದು ಆರು ಮೀಟರಿಗೊಂದು ಗಂಟು ಹಾಕಿದೆ. ಅಂಬಾಸಿಡರ್ ಉದ್ದ 4.3 ಮೀಟರ್ ಆಸುಪಾಸು, ಮಾರುತಿ 800 ಅದಕ್ಕಿಂತ ಸುಮಾರು ಒಂದು ಮೀಟರ್ ಚಿಕ್ಕದು. ಹಿಂದೆ ಡಿಕ್ಕಿ ತೆಗೆಯಲು, ಮುಂದೆ ಹೊರಳಿಸಿಕೊಳ್ಳಲು ಜಾಗ ಸೇರಿಸಿದರೆ ಒಂದು ಕಾರಿಗೆ ಆರು ಮೀಟರ್ ಸರಿಹೋಗುತ್ತದೆ. ನಿಲ್ಲಿಸಬಹುದು ಅನ್ನಿಸಿದ ಕಡೆಯೆಲ್ಲ ಇಳಿದು ರಸ್ತೆ ಅಂಚಿನಿಂದ ಹಗ್ಗ ಹಾಸುವುದು, ಗಂಟು ಎಣಿಸುವುದು, ಮಣ್ಣನ್ನು ಕಾಲಲ್ಲಿ ಒತ್ತಿ ನೋಡುವುದು. ಮಳೆ ಮುಗಿದ ಮೇಲೆ ರಸ್ತೆ ಬದಿಯ ಹುಲ್ಲು ಎದೆಮಟ್ಟ ಬೆಳೆದಿರುತ್ತದೆ. ಅದರ ಒಳಗೆ ಚರಂಡಿ ಇದೆಯಾ ಅಂತ ಕೋಲು ಚುಚ್ಚಿಯೇ ನೋಡಬೇಕು. ಕಣ್ಣಿಗೆ ಸಮತಟ್ಟಾಗಿ ಕಂಡ ಎಷ್ಟೋ ಜಾಗದಲ್ಲಿ ಕೋಲು ಮೊಣಕಾಲುದ್ದ ಒಳಗೆ ಹೋಯಿತು.

ಹನ್ನೆರಡಕ್ಕೂ ಒಟ್ಟಿಗೆ ಜಾಗ ಕೊಡುವ ಕಡೆ ಈ ದಾರಿಯಲ್ಲಿ ತೀರಾ ಕಡಿಮೆ. ನಾಲ್ಕಕ್ಕೆ ಕೊಡುವ ಕಡೆ ಬೇಕಾದಷ್ಟಿವೆ. ಅಲ್ಲೇ ಡ್ರೈವಿನ ಆಕಾರ ತೀರ್ಮಾನವಾಯಿತು: ನಾಲ್ಕು ನಾಲ್ಕು ಕಾರಿನ ಮೂರು ತಂಡ, ಒಂದೊಂದು ತಂಡದ ನಡುವೆ ಹದಿನೈದು ನಿಮಿಷದ ಅಂತರ. ಒಂದು ತಂಡ ಎದ್ದು ಹೋಗುವಾಗ ಇನ್ನೊಂದು ಬರುತ್ತದೆ. ಸಾಲು ಉದ್ದ ಆಗುವುದಿಲ್ಲ, ಹಿಂದಿನಿಂದ ಬರುವ ಹಾಲಿನ ಗಾಡಿಯೋ ಶಾಲೆ ವ್ಯಾನೋ ನಾಲ್ಕು ಕಾರು ದಾಟಿದರೆ ಮುಗಿಯಿತು. ಹನ್ನೆರಡು ಕಾರು ಒಂದರ ಹಿಂದೆ ಒಂದು ಹೋಗುವ ಫೋಟೋ ಬೇಕು ಅಂತ ಕೆಲವರಿಗೆ ಆಸೆ ಇತ್ತು. ಅದನ್ನು ಮಿರ್ಜಾನಿನಲ್ಲಿ ತೆಗೆಯೋಣ ಅಂತ ಒಪ್ಪಿಸಿದೆ.

ತಿಂಡಿಗೆ ಹೆಗ್ಗರಣೆ ಕಡೆಯ ಒಂದು ತೋಟದ ಮನೆ ಮಾತಾಡಿದೆ. ಮನೆಯ ಹಿರಿಯರು ದಣಪೆ (ಗೇಟು) ತನಕ ಬಂದು ಜಾಗ ತೋರಿಸಿದರು. "ಅಂಗಳ ಒಂದು ಬಿಟ್ಟು ಎಲ್ಲಿ ಬೇಕಾದ್ರೂ ನಿಲ್ಸು ತಮಾ, ಅಂಗಳದಲ್ಲಿ ಅಡಿಕೆ ಇದ್ದು" ಅಂದರು. ನವೆಂಬರ್ ಅಂದರೆ ಕೊನೆಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಗುವ ಕಾಲ. ಅಂಗಳದಲ್ಲಿ ಅಡಿಕೆ ಹರವಿರುತ್ತಾರೆ, ರಸ್ತೆಯಲ್ಲಿ ಅಡಿಕೆ ಹೇರಿದ ಪಿಕಪ್ ಓಡಾಡುತ್ತಿರುತ್ತದೆ, ತೋಟದ ಕೆಲಸದವರು ಬೆಳಿಗ್ಗೆಯೇ ದಾರಿಯಲ್ಲಿರುತ್ತಾರೆ. ನಮಗೆ ಅದು ಮೋಜಿನ ದಿನ, ಅವರಿಗೆ ವರ್ಷದ ದುಡಿಮೆಯ ದಿನ. "ಹಾರ್ನ್ ಬೇಡ, ಪಿಕಪ್ ಕಂಡರೆ ಮೊದಲು ನೀವು ನಿಲ್ಲಿ" ಅನ್ನುವುದನ್ನು ದಾರಿ ತೋರಿಸಲು ಮಾಡಿದ ರೋಡ್‌ಬುಕ್ಕಿನ ಮೊದಲ ಪುಟದಲ್ಲೇ ದೊಡ್ಡ ಅಕ್ಷರದಲ್ಲಿ ಹಾಕಿದೆ.

ರೋಡ್‌ಬುಕ್

ಘಟ್ಟದಲ್ಲಿ ಮೊಬೈಲ್ ಸಿಗ್ನಲ್ ನಂಬುವ ಹಾಗಿಲ್ಲ. ಮ್ಯಾಪ್ ಡೌನ್‌ಲೋಡ್ ಮಾಡಿಕೊಂಡರೂ ಕೆಲವು ಕಡೆ ಯಾರದೋ ತೋಟದ ದಾರಿಯನ್ನೇ ರಸ್ತೆ ಅಂತ ತೋರಿಸುತ್ತದೆ. ಅದಕ್ಕೇ ರ್‍ಯಾಲಿಯವರ ಹಾಗೆ ಕಾಗದದ ರೋಡ್‌ಬುಕ್ ಮಾಡಿದೆ.

ಒಂದು ಪುಟಕ್ಕೆ ಐದು ಚೌಕ. ಪ್ರತಿ ಚೌಕದಲ್ಲಿ ಎಡಕ್ಕೆ ಕಿಲೋಮೀಟರ್, ನಡುವೆ ಕೂಡುರಸ್ತೆಯ ಚಿತ್ರ, ಬಲಕ್ಕೆ ಗುರುತು. ಚಿತ್ರದಲ್ಲಿ ನೀವು ಬರುವ ಕಡೆಗೆ ದಪ್ಪ ಚುಕ್ಕೆ, ಹೋಗುವ ಕಡೆಗೆ ಬಾಣ. ಬೇರೆ ರಸ್ತೆಗಳೆಲ್ಲ ಸಪೂರ ಗೆರೆ. ಓದಲು ಬಾರದ ಮಗುವೂ ಪಕ್ಕದಲ್ಲಿ ಕೂತು ದಾರಿ ಹೇಳುವ ಹಾಗಿರಬೇಕು ಅನ್ನುವುದು ನನ್ನ ಅಳತೆ. ಗುರುತಿಗೆ ಶಾಲೆ, ಮೋರಿ, ಬಸ್ ತಂಗುದಾಣ, ಹಾಲಿನ ಡೇರಿ, ಅಶ್ವತ್ಥಕಟ್ಟೆ ಇಂಥವನ್ನೇ ಆರಿಸಿದೆ. ಫ್ಲೆಕ್ಸ್ ಬ್ಯಾನರ್, ಗೂಡಂಗಡಿ ಬೇಡ, ಇವತ್ತಿದ್ದದ್ದು ನಾಳೆ ಇರುವುದಿಲ್ಲ.

ಕಿಲೋಮೀಟರ್ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಎರಡು ಕಾರಿನ ಮೀಟರ್ ಒಂದೇ ಲೆಕ್ಕ ತೋರಿಸುವುದಿಲ್ಲ. ಟೈರ್ ಸೈಜ್ ಬದಲಾಗಿದ್ದರೆ, ಸವೆದಿದ್ದರೆ, ಗಾಳಿ ಕಡಿಮೆ ಇದ್ದರೆ ಎಲ್ಲದಕ್ಕೂ ವ್ಯತ್ಯಾಸ ಬರುತ್ತದೆ. ಪ್ರತಿಯೊಬ್ಬರಿಗೂ ಮೊದಲೇ ಒಂದು ಕೆಲಸ ಹಚ್ಚಿದೆ. ಹೆದ್ದಾರಿಯ ಕಿಲೋಮೀಟರ್ ಕಲ್ಲು ನೋಡಿಕೊಂಡು ಹತ್ತು ಕಿಲೋಮೀಟರ್ ಓಡಿಸಿ, ನಿಮ್ಮ ಮೀಟರ್ ಎಷ್ಟು ತೋರಿಸಿತು ಅಂತ ಬರೆದು ತನ್ನಿ. ಒಂದು ಅಂಬಾಸಿಡರ್ 10ಕ್ಕೆ 10.4 ತೋರಿಸಿತು. ಹತ್ತು ಕಿಲೋಮೀಟರಿಗೆ ಅದು ಏನೂ ಅಲ್ಲ, ಆದರೆ ಐವತ್ತಾಗುವಷ್ಟರಲ್ಲಿ ಎರಡು ಕಿಲೋಮೀಟರ್ ತಪ್ಪು, ತಿರುವು ಬರುವ ಮೊದಲೇ ಮೀಟರ್ ಅದರ ಅಂಕಿ ತೋರಿಸಿಬಿಟ್ಟಿರುತ್ತದೆ. ಪ್ರತಿ ನಿಲುಗಡೆಯಲ್ಲೂ ಟ್ರಿಪ್ ಮೀಟರ್ ಸೊನ್ನೆ ಮಾಡಿ ಹೊಸ ಪುಟ ಶುರುಮಾಡುವ ಹಾಗೆ ಬುಕ್ ಬರೆದೆ, ತಪ್ಪು ಬೆಳೆಯುತ್ತಾ ಹೋಗುವುದಿಲ್ಲ. ಟ್ರಿಪ್ ಮೀಟರೇ ಇಲ್ಲದ ಕಾರಿನವರು ನಿಲುಗಡೆಯ ಓಡೋಮೀಟರ್ ಅಂಕಿಯನ್ನು ಪೆನ್ಸಿಲಿನಲ್ಲಿ ಬರೆದುಕೊಳ್ಳಲು ಮೇಲೊಂದು ಖಾಲಿ ಗೆರೆ ಬಿಟ್ಟೆ.

ಇನ್ನೊಂದು ನಿಯಮ: ತಿರುವಿನಲ್ಲಿ ಹಿಂದಿನ ಕಾರು ಕಾಣುವ ತನಕ ಮುಂದಿನವರು ಕಾಯಬೇಕು. ಹಿಂದಿನವರು ಇಂಡಿಕೇಟರ್ ಹಾಕಿದ್ದು ಕಂಡ ಮೇಲೆಯೇ ಹೊರಡುವುದು. ಫೋನ್ ಇಲ್ಲದಿದ್ದರೂ ಯಾರೂ ತಪ್ಪಿಸಿಕೊಳ್ಳುವುದಿಲ್ಲ. ತಂಡದ ಮೊದಲ ಮತ್ತು ಕೊನೆ ಕಾರಿಗೆ ವಾಕಿಟಾಕಿ ಕೊಟ್ಟೆವು, ಲೈಸೆನ್ಸ್ ಬೇಡದ 446 ಮೆಗಾಹರ್ಟ್ಸ್ ಬ್ಯಾಂಡಿನ, ಸರ್ಕಾರದ ಒಪ್ಪಿಗೆ ಇರುವ ಸೆಟ್. ಗುಡ್ಡ ಅಡ್ಡ ಬಂದರೆ ಅದೂ ಮೂಕ. ನಿಯಮವೇ ಗಟ್ಟಿ.

ಯಾರು ಮೊದಲು ಮುಟ್ಟಿದರು ಅನ್ನುವ ಲೆಕ್ಕ, ಬಹುಮಾನ ಯಾವುದೂ ಇಲ್ಲ. ಮೋಟಾರು ವಾಹನ ಕಾಯ್ದೆ 1988ರ 189ನೇ ಕಲಂ ಪ್ರಕಾರ ಸರ್ಕಾರದ ಲಿಖಿತ ಒಪ್ಪಿಗೆ ಇಲ್ಲದೆ ರಸ್ತೆಯಲ್ಲಿ ವೇಗದ ಪಂದ್ಯ ಅಪರಾಧ. ಕಾಯ್ದೆ ಇಲ್ಲದಿದ್ದರೂ ನಾನು ಇಡುತ್ತಿರಲಿಲ್ಲ. ಪೊಲೀಸ್ ಠಾಣೆಗಳಿಗೆ ದಿನ, ದಾರಿ, ಕಾರಿನ ನಂಬರ್ ಬರೆದು ಒಂದೊಂದು ಪತ್ರ ಕೊಟ್ಟುಬಂದೆವು.

ಬ್ರೇಕ್

ಇದರಲ್ಲಿ ಮಾತ್ರ ನಾನು ಯಾರಿಗೂ ರಿಯಾಯಿತಿ ಕೊಡಲಿಲ್ಲ. ಘಟ್ಟ ಇಳಿಯುವ ಹಿಂದಿನ ವಾರ ಎಲ್ಲ ಹಳೇ ಕಾರಿನ ಬ್ರೇಕ್ ಆಯಿಲ್ ಬದಲಾಯಿಸಲೇಬೇಕು ಅಂತ ಹೇಳಿದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಆಯಿಲ್ ಹೊಸದಿದ್ದಾಗ ಕಡಿಮೆ ಅಂದರೂ 205 ಡಿಗ್ರಿ ತನಕ ಕುದಿಯುವುದಿಲ್ಲ, ತೇವ ಸೇರಿದ ಮೇಲೆ ಅದು 140ಕ್ಕೆ ಇಳಿಯಬಹುದು. ಡ್ರಮ್ ಕಾದು ಆಯಿಲ್ ಕುದಿದರೆ ಪೈಪಿನಲ್ಲಿ ಆವಿ ತುಂಬುತ್ತದೆ. ಆವಿಯನ್ನು ಒತ್ತಬಹುದು, ಹಾಗಾಗಿ ಪೆಡಲ್ ನೆಲ ಮುಟ್ಟುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ನಮ್ಮ ಕರಾವಳಿ, ಮಲೆನಾಡಿನ ಮಳೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಆಯಿಲ್ ಹೇಗಿರುತ್ತದೆ ಅಂತ ನೀವೇ ಯೋಚಿಸಿ.

ಶಿರಸಿಯ ಗ್ಯಾರೇಜ್ ಒಂದರಲ್ಲಿ ಪದ್ಮಿನಿಯೊಂದರ ಕೆಲಸಕ್ಕೆ ನಾನೂ ಕೈ ಹಾಕಿದೆ. ಪೆಡಲ್ ಒತ್ತಿದಾಗ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರಿನಿಂದ ದೂರದ ಚಕ್ರದಿಂದ ಶುರು, ಅಂದರೆ ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಮುಂದಿನ ಬಲ. ಚಕ್ರದ ಬ್ರೇಕಿನಿಂದ ಆಯಿಲ್ ಹೊರಬಿಡುವ ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಿಟ್ಟೆವು. ಒಬ್ಬರು ಒಳಗೆ ಕೂತು ಪೆಡಲ್ ಒತ್ತಿ ಹಿಡಿಯುವುದು, ಮೇಸ್ತ್ರಿ "ಹ್ಞಾಂ" ಅಂದು ನಿಪ್ಪಲ್ ಸಡಿಲಿಸುವುದು, ಬಿಗಿ ಮಾಡಿದ ಮೇಲೆಯೇ ಪೆಡಲ್ ಬಿಡುವುದು. ಮೊದಲು ಬಂದ ಆಯಿಲ್ ಕಾಫಿ ಡಿಕಾಕ್ಷನ್ ಹಾಗೆ ಕಪ್ಪಗಿತ್ತು, ನಡುನಡುವೆ ಸಣ್ಣ ಗುಳ್ಳೆ. ನಿಧಾನಕ್ಕೆ ಕಂದು, ಆಮೇಲೆ ತಿಳಿ ಹಳದಿ. ಗುಳ್ಳೆ ಪೂರ್ತಿ ನಿಂತ ಮೇಲೆ ಪೆಡಲ್ ಅರ್ಧಕ್ಕೇ ಗಟ್ಟಿಯಾಗಿ ನಿಂತಿತು. ಆ ಕಾರಿನ ಒಡತಿ ಒಂದು ಸಲ ಒತ್ತಿ ನೋಡಿ, "ಇಷ್ಟು ದಿನ ನಾನು ಏನು ಓಡಿಸ್ತಿದ್ದೆ ಹಾಗಾದ್ರೆ?" ಅಂತ ಕೇಳಿದರು. ಉಳಿದವರೆಲ್ಲ ಆ ಮಾತು ಕೇಳಿಯೇ ತಮ್ಮ ಕಾರು ತಂದರು.

ಈಗ ಬಂಕಿನಲ್ಲಿ ಸಿಗುವುದು ಎಥೆನಾಲ್ ಬೆರೆಸಿದ ಪೆಟ್ರೋಲ್. ಹಳೇ ರಬ್ಬರ್ ಪೈಪ್‌ಗಳಿಗೆ ಅದು ಒಗ್ಗುವುದಿಲ್ಲ, ಬಿರುಕು ಬಿಡುತ್ತವೆ. ಬಗ್ಗಿಸಿ ನೋಡಿ, ಬಿರುಕು ಕಂಡರೆ ಬದಲಾಯಿಸಿ ಅಂದೆ. ಎಲ್ಲರೂ ಶಿರಸಿಯಲ್ಲೇ ಟ್ಯಾಂಕ್ ತುಂಬಿಸಬೇಕು, ಮುಂದೆ ಸಿಗುವ ಬಂಕಿನ ಭರವಸೆ ಬೇಡ.

ಕೊನೆಯ ಕಾರಿನ ಡಿಕ್ಕಿಯಲ್ಲಿ ಎಳೆಯುವ ಹಗ್ಗ, ಜಾಕ್ ಕೆಳಗೆ ಇಡಲು ಹಲಗೆ, ಚಕ್ರಕ್ಕೆ ಕೊಡಲು ಮರದ ಅಡೆ, ಫ್ಯಾನ್ ಬೆಲ್ಟ್, ಫ್ಯೂಸ್, ಇಗ್ನಿಷನ್ ಪಾಯಿಂಟ್, ಕಂಡೆನ್ಸರ್, ಎರಡು ಕ್ಯಾನ್ ನೀರು, ಹಳೇ ಪಂಚೆ. ಪಂಚೆ ಯಾಕೆ ಅಂತ ಕೇಳಿದರು. ಮಧ್ಯಾಹ್ನ ಗೊತ್ತಾಗುತ್ತದೆ ಅಂದೆ.

ಡ್ರೈವಿನ ದಿನ

ಆರೂವರೆಗೆ ಶಂಕರಹೊಂಡದ ಹತ್ತಿರ ಮೊದಲ ತಂಡ ಹೊರಟಿತು. ಪೇಟೆ ಬಿಟ್ಟ ಮೇಲೆ ಮಂಜು. ತೋಟದ ಮನೆಯಲ್ಲಿ ತೆಳ್ಳೇವು (ತೆಳು ದೋಸೆ), ಜೋನಿ ಬೆಲ್ಲ, ತುಪ್ಪ. ಯಾವ ಕಾರೂ ಅಂಗಳಕ್ಕೆ ಹೋಗಲಿಲ್ಲ.

ಉಂಚಳ್ಳಿಗೆ ಒಂಬತ್ತೂವರೆ ನಂತರವೇ ಮುಟ್ಟುವ ಹಾಗೆ ಇಟ್ಟಿದ್ದೆ. ಬೇಗ ಹೋದರೆ ಕಣಿವೆ ತುಂಬ ಮಂಜೇ ಇರುತ್ತದೆ, ನೀರಿನ ಸದ್ದು ಮಾತ್ರ ಕೇಳುತ್ತದೆ. ಬಿಸಿಲು ಬಿದ್ದು ಮಂಜು ಏಳುವ ಹೊತ್ತಿಗೆ ಮೆಟ್ಟಿಲು ಇಳಿದರೆ ಪೂರ್ತಿ ಜಲಪಾತ ಎದುರಿಗೆ. ಈ ಕಾಡು ಸಿಂಗಳೀಕಗಳ ಮನೆ, 2011ರಿಂದ ಇಲ್ಲಿ ಅವುಗಳಿಗಾಗಿಯೇ ಸಂರಕ್ಷಿತ ಪ್ರದೇಶ ಇದೆ. ಮಂಗ ಯಾವುದೇ ಇರಲಿ, ತಿನ್ನಲು ಏನೂ ಕೊಡಬಾರದು, ಕಾರಿನ ಗಾಜು ಮೇಲೆ. ರಸ್ತೆ ಬದಿ ತಿನ್ನಲು ಸಿಗುತ್ತದೆ ಅಂತ ಗೊತ್ತಾದರೆ ಅವು ರಸ್ತೆಗೇ ಬಂದು ಗಾಡಿಗೆ ಸಿಕ್ಕಿ ಸಾಯುತ್ತವೆ.

ಘಟ್ಟ ಇಳಿಯಲು ಎರಡನೇ ಗೇರ್, ಕಡಿದಾದಲ್ಲಿ ಒಂದನೇದು. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ. ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬಾರದು, ಒತ್ತಿ ಬಿಡಬೇಕು. ಹತ್ತಿ ಬರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು.

ಬಸ್ಸಿನ ಸಮಯವನ್ನು ನಿಲ್ದಾಣದಲ್ಲಿ ಕೇಳಿ ರೋಡ್‌ಬುಕ್ಕಿನಲ್ಲಿ ಬರೆದಿದ್ದೆ. ಹಾಗಿದ್ದೂ ಎರಡನೇ ತಂಡಕ್ಕೆ ಒಂದು ಕಿರಿದಾದ ತಿರುವಿನ ಹತ್ತಿರ ಬಸ್ಸು ಎದುರಾಯಿತು. ಬಸ್ಸಿಗೆ ಆ ತಿರುವಿನಲ್ಲಿ ಇಡೀ ರಸ್ತೆ ಬೇಕು. ಮೂತಿ ಹೊರ ಅಂಚಿನ ತನಕ ಹೋಗಿ, ಹಿಂದಿನ ಚಕ್ರ ಒಳ ಅಂಚು ಸವರಿಕೊಂಡು ಬರುತ್ತದೆ. ಮುಂದಿನ ಕಾರಿನವರು ತಿರುವಿಗೆ ಇಳಿಯದೆ ಮೇಲೆಯೇ ನಿಂತರು, ವಾಕಿಟಾಕಿಯಲ್ಲಿ "ಬಸ್ಸು, ನಿಲ್ಲಿ" ಅಂದರು, ನಾಲ್ಕೂ ಕಾರು ಹಗ್ಗದಲ್ಲಿ ಅಳೆದಿಟ್ಟ ಜಾಗಕ್ಕೆ ಸರಿದವು. ಬಸ್ಸು ಒಂದೇ ಸಲಕ್ಕೆ ತಿರುಗಿ ಹತ್ತಿಹೋಯಿತು. ಡ್ರೈವರ್ ಕೈ ಎತ್ತಿದ್ದನ್ನು ನಮ್ಮವರು ಊಟದ ಹೊತ್ತಲ್ಲೂ ಹೇಳಿಕೊಳ್ಳುತ್ತಿದ್ದರು. ಇಡೀ ಡ್ರೈವಿನಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಅದೇ.

ಕುಮಟಾದಲ್ಲಿ ಊಟ. ಆಮೇಲೆ ಅಘನಾಶಿನಿ ಸೇತುವೆ ದಾಟಿ ಮಿರ್ಜಾನ್. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಹೆಸರಿನ ಜೊತೆ ಸೇರಿಕೊಂಡ ಕೆಂಪು ಚಿರೆಕಲ್ಲಿನ ಕೋಟೆ, ಕಾಳುಮೆಣಸು ಹಡಗು ಹತ್ತುತ್ತಿದ್ದ ಕಾಲದ್ದು. ಹನ್ನೆರಡು ಕಾರಿನ ಫೋಟೋ ಇಲ್ಲೇ ಆಯಿತು. ಕೆಳಗಿನ ಅಳಿವೆಯಲ್ಲಿ ಗಜನಿ ಗದ್ದೆಗಳಿವೆ, ಉಪ್ಪುನೀರು ತಡೆದುಕೊಳ್ಳುವ ಕಗ್ಗ ಭತ್ತ ಬೆಳೆಯುವುದು ಅಲ್ಲೇ. ಬೆಳಿಗ್ಗೆ ಶಿರಸಿಯಲ್ಲಿ ಹೊಂಡವಾಗಿದ್ದ ನೀರು ಇಲ್ಲಿ ಜನರಿಗೆ ಅಕ್ಕಿ, ಮೀನು, ಬೆಳಚು (ಚಿಪ್ಪಿಕಲ್ಲು) ಕೊಡುತ್ತಿದೆ ಅಂತ ಮಕ್ಕಳಿಗೆ ಹೇಳಿದಾಗ ಅವರು ತಾವೇ ರೋಡ್‌ಬುಕ್ ತಿರುವಿ ದಾರಿ ನೋಡಿಕೊಂಡರು.

ಮೂರು ಗಂಟೆಗೆ ವಾಪಸ್. ದೇವಿಮನೆ ಘಟ್ಟದ ಅರ್ಧದಲ್ಲಿ ಒಂದು ಪದ್ಮಿನಿ ಕೆಮ್ಮಿ ನಿಂತಿತು. ಎಂಜಿನ್ ಬಿಸಿಗೆ ಪಂಪಿನಲ್ಲೇ ಪೆಟ್ರೋಲ್ ಆವಿಯಾಗಿ ಕಾರ್ಬುರೇಟರಿಗೆ ಮುಟ್ಟುತ್ತಿರಲಿಲ್ಲ. ಅಗಲದ ಜಾಗಕ್ಕೆ ಸರಿಸಿ, ಚಕ್ರಕ್ಕೆ ಅಡೆ ಕೊಟ್ಟು, ಪಂಚೆ ನೆನೆಸಿ ಪೆಟ್ರೋಲ್ ಪಂಪಿಗೆ ಸುತ್ತಿದೆವು. ಸ್ವಲ್ಪ ಹೊತ್ತು ಬಾನೆಟ್ ತೆರೆದಿಟ್ಟು ಸ್ಟಾರ್ಟ್ ಮಾಡಿದರೆ ಹತ್ತಿಕೊಂಡಿತು. ಒದ್ದೆ ಪಂಚೆ ಹಾಗೇ ಇಟ್ಟುಕೊಂಡು, ಫ್ಯಾನಿಗೆ ಸಿಗದ ಹಾಗೆ ಬಿಗಿಯಾಗಿ ಕಟ್ಟಿ, ಮೇಲಿನ ತನಕ ಬಂದರು. ಕತ್ತಲಾಗುವ ಮೊದಲು ಮೂರೂ ತಂಡ ಶಿರಸಿಯಲ್ಲಿದ್ದವು.

ಬುಕ್ಕಿನಲ್ಲಿ ತಿದ್ದಿದ್ದು

ತಂಡದ ಅಂತರ ಹದಿನೈದರಿಂದ ಇಪ್ಪತ್ತು ನಿಮಿಷಕ್ಕೆ ಏರಿಸಿದ್ದೇನೆ, ಉಂಚಳ್ಳಿಯ ಮೆಟ್ಟಿಲು ಹತ್ತಿ ಬರಲು ಹಿರಿಯರಿಗೆ ಜಾಸ್ತಿ ಹೊತ್ತು ಬೇಕು. ದೇವಿಮನೆಯ ಪುಟದಲ್ಲಿ ಬಿಸಿಯಾದ ಕಾರು ನಿಲ್ಲಿಸುವ ಜಾಗಗಳನ್ನು ಕಿಲೋಮೀಟರ್ ಸಮೇತ ಸೇರಿಸಿದ್ದೇನೆ. ಘಟ್ಟದ ಚೌಕಗಳಲ್ಲಿ ಬಸ್ಸಿಗೆ ದಾರಿ ಬಿಡುವ ಜಾಗಕ್ಕೆ ಬೇರೆ ಬಣ್ಣ ಹಾಕಿದೆ. ಹೆಗ್ಗರಣೆ ಕಡೆಯ ಒಂದು ಮೋರಿ ಗುರುತಾಗಿ ಇದೆ, ಅದರ ಒಂದು ಬದಿ ಕಲ್ಲು ಜರಿದಿದೆ. ಮುಂದಿನ ಮಳೆಗಾಲ ಕಳೆದ ಮೇಲೆ ಅದು ಹೇಗಿದೆ ಅಂತ ಹೋಗಿ ನೋಡಿಯೇ ಆ ಪುಟ ಮತ್ತೆ ಪ್ರಿಂಟ್ ಹಾಕಬೇಕು.